ತಿನ್ನದ ಕಾಫಿ ಬೀಜ

"ರಕ್ತ ಬೇಕಾ? ತಗೋ! ಆದ್ರೆ ಅದು ಏನ್ ಹೇಳುತ್ತೋ, ಅದನ್ನ ನನಗೆ ಹೇಳ್ಬೇಡ!"

ದೋಣಿಯಿಂದ ಇಳಿದವನೇ ಲುತ್ತಾಯ ತೋಳು ಚಾಚಿದ. ಸಂಶೋಧಕಿ ನಮುದ್ದು ಸೂಜಿ ಎತ್ತಿದಳು. ಉಗಾಂಡದ ವಿಕ್ಟೋರಿಯಾ ಸರೋವರದ ದಡದಲ್ಲಿ ಎಷ್ಟೋ ಮೀನುಗಾರರ ರಕ್ತ ತೆಗೆದವಳಿಗೆ ಇವನ ಕಣ್ಣು ನೋಡಿ ನರವೇ ಸಿಗಲಿಲ್ಲ!

"ಕಂಪಾಲದಲ್ಲಿ ಇಷ್ಟೇನಾ ಕಲಿಸಿದ್ದು?"

"ಬಾಯಿ ಮುಚ್ಚಿ ಮುಷ್ಟಿ ಹಿಡೀರಿ, ಸ್ವಾಮಿ!"

ಅವನು ನಕ್ಕುಬಿಟ್ಟ. ಅವಳು ಅಲ್ಲೇ ಸೋತಳು.

ಎಚ್‌ಐವಿ ಯಾವ ದಡದಿಂದ ಯಾವ ದಡಕ್ಕೆ ಹಬ್ಬುತ್ತಿದೆ ಎಂದು ತಿಳಿಯಲು ವೈರಸ್ಸಿನ ವಂಶವೃಕ್ಷ ಬರೆಯುವುದು ಅವಳ ತಂಡದ ಕೆಲಸ. ಆದರೆ ಕೆಲಸವಿಲ್ಲದ ದಿನವೂ ಅವಳು ಆ ದಡಕ್ಕೆ ಬರತೊಡಗಿದಳು. ಹುರಿದ ಮೀನು, ಹರಟೆ, ನಗು...

ಅವಳು ಮದುವೆಯ ಮಾತೆತ್ತಿದ ಸಂಜೆ ಅವನು ಕಾಫಿ ಹಣ್ಣೊಂದನ್ನು ಬಿಡಿಸಿ, ಎರಡು ಬೀಜದಲ್ಲಿ ಒಂದನ್ನು ಅವಳ ಅಂಗೈಗಿಟ್ಟ.

"ತಿನ್ನು. ಇವತ್ತಿಂದ ನೀನು ನನ್ನ ತಂಗಿ."

ಅಲ್ಲಿನ ರೂಢಿಯಲ್ಲಿ, ಒಂದೇ ಹಣ್ಣಿನ ಎರಡು ಬೀಜಗಳನ್ನು ತಮ್ಮ ತಮ್ಮ ರಕ್ತದಲ್ಲಿ ಅದ್ದಿ, ಅದಲುಬದಲು ಮಾಡಿಕೊಂಡು ತಿಂದವರು ಒಡಹುಟ್ಟಿದವರಾಗುತ್ತಾರೆ. ಆಮೇಲೆ ಮದುವೆಯ ಮಾತೇ ಇಲ್ಲ.

"ರಕ್ತ ಎಲ್ಲಿ?" ಅವಳು ಬೀಜವನ್ನು ತಿರುಗಿಸಿ ನೋಡಿದಳು.

"ನನ್ನ ರಕ್ತ ನಿನ್ನ ಬಾಯಿಗೆ ಹಾಕ್ತೀನಾ? ನನ್ನಲ್ಲಿರೋ ಎಚ್‌ಐವಿನೇ ನನ್ನ ಹೆಂಡ್ತೀನ ತಿಂದಿದ್ದು... ನಿಮ್ಮ ಆ ವೈರಸ್ ಮರದಲ್ಲಿ ಬರುತ್ತೆ ನೋಡು, ಕೊಂದವನು ಲುತ್ತಾಯ ಅಂತ!"

ಅಯ್ಯೋ, ಇಷ್ಟು ದಿನ ಇದನ್ನ ಹೊತ್ಕೊಂಡು ತಿರುಗ್ತಿದ್ದಾನಾ? ಅವಳು ಬೀಜ ತಿನ್ನಲಿಲ್ಲ. ಸೊಂಟದ ಪಟ್ಟಿಯಲ್ಲಿ ಗಂಟು ಹಾಕಿಕೊಂಡು, ಅಳುತ್ತಲೇ ಹೋದಳು.

ಅವನ ರಕ್ತದ ಫಲಿತಾಂಶ ಬಂದ ದಿನ ನೇರ ಅವನ ದೋಣಿಯ ಬಳಿಗೇ ಬಂದಳು.

"ಹೇಳ್ಬೇಡ ಅಂದಿದ್ನಲ್ಲ!"

"ಒಳ್ಳೇ ಸುದ್ದಿ ಆದ್ರೂ ಬೇಡ್ವಾ?"

ಅವನು ಕೈಯಲ್ಲಿದ್ದ ಬಲೆ ಕೆಳಗಿಟ್ಟ.

"ಯಾರು ಯಾರಿಗೆ ಕೊಟ್ರು ಅಂತ ಆ ಮರ ಹೇಳಲ್ಲ. ಅದ್ರಲ್ಲಿ ಹೆಸರೂ ಇರಲ್ಲ. ನಿನ್ನ ರಕ್ತದಿಂದಂತೂ ಒಂದು ಕೊಂಬೆ ಬರೆಯೋಕೂ ಆಗ್ಲಿಲ್ಲ!"

"ಯಾಕೆ?"

"ಓದೋಕೆ ವೈರಸ್ಸು ಸಿಗಬೇಕಲ್ಲ! ದಿನಾ ಮಾತ್ರೆ ತಗೊಂಡು ತಗೊಂಡು ಯಂತ್ರಕ್ಕೂ ಕಾಣದಷ್ಟು ಅಡಗಿಸಿದೀಯ. ಹೀಗೇ ತಗೋತಿದ್ರೆ ನಿನ್ನಿಂದ ನನಗೆ ಬರಲ್ಲ."

ಲುತ್ತಾಯ ಬಲೆಯ ಮೇಲೆ ಕೂತುಬಿಟ್ಟ.

"ಸಾಯೋವಾಗ ನನ್ನವಳೇ ಆಣೆ ಹಾಕಿಸ್ಕೊಂಡಿದ್ಲು... ಮಾತ್ರೆ ಬಿಡ್ಬೇಡ ಅಂತ."

ಅವನು ಮಗುವಿನಂತೆ ಅತ್ತ. ಆ ಅಳು ನಿಲ್ಲುವವರೆಗೂ ನಮುದ್ದು ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಮೆಲ್ಲಗೆ ಗಂಟು ಬಿಚ್ಚಿದಳು.

"ಈಗ ಇದನ್ನ ತಿನ್ಲಾ... ಅಣ್ಣಾ?"

"ಅಣ್ಣ ಅಂದ್ರೆ ನೋಡು!" ಬೀಜ ಕಿತ್ತುಕೊಂಡು ಸರೋವರಕ್ಕೆ ಎಸೆದೇಬಿಟ್ಟ.

"ಹಾಗಾದ್ರೆ ನಾನು ನಿನಗೆ ಏನಾಗ್ಬೇಕು?"

"ನಾಳೆ ಹೆಣ್ಣು ಕೇಳೋಕೆ ನಮ್ಮ ಪದ್ಧತಿಯಂತೆ ನಿನ್ನ ಸೋದರತ್ತೆ ಮುಂದೆ ಬಂದು ಕೂರ್ತೀನಿ. ಅವರನ್ನೇ ಕೇಳು."

ಅವಳು ಅವನ ಒದ್ದೆ ಕೆನ್ನೆ ಒರೆಸಿದಳು.

"ಬಾ... ಆದ್ರೆ ಮಾತ್ರೆ ತಗೊಂಡೇ ಬಾ."