ಚಟ್ಲಿ ಸಾರಿಗೆ ಬಿದ್ದ ಬೀಜದ ಸೌತೆ

"ಅದನ್ನ... ನಾನ್ ಸಾರ್ ಮಾಡ್ಕಂಡ್ ತಿಂದೆ."

ಗ್ರಂಥಾಲಯದ ಜಗಲಿಯಲ್ಲಿ ಬೀಜ ಆರಿಸುತ್ತಿದ್ದ ಕೈಗಳೆಲ್ಲ ನಿಂತುಬಿಟ್ಟವು.

ತುಂಗಾ ಎದ್ದು ನಿಂತಳು. ಎದುರಿಗಿದ್ದವನನ್ನು ಅವಳು ನೋಡುತ್ತಿದ್ದದ್ದೇ ಅಂದು ಮೊದಲು.

"ಎಂತ ಮಾಡಿದ್ರಿ?"

"ಸಾರ್. ಚಟ್ಲಿ ಹಾಕಿ..."

"ಬೀಜ?"

"ತಿರುಳಿನೊಟ್ಟಿಗೆ ಹೊಳಿಗೆ ಬಿಸಾಡ್ದೆ."

ಅದು 2012ರ ಬೇಸಿಗೆ. ಕುಂದಾಪುರದ ಕೈತೋಟದವರು ಭಾನುವಾರಗಳಲ್ಲಿ ಆ ಜಗಲಿಯಲ್ಲಿ ಸೇರುತ್ತಿದ್ದರು. ಒಬ್ಬರು ಕೃಷಿಯ ಪುಸ್ತಕ ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಬೀಜ ಹಸನು ಮಾಡುವುದು. ಕೊನೆಗೆ ಪುಸ್ತಕ ಒಬ್ಬರ ಮನೆಗೆ ಹೋಗುತ್ತಿತ್ತು, ಜೊತೆಗೆ ಬೀಜಕ್ಕೆಂದು ಬಲಿತ ಒಂದು ಕಾಯಿ. ಒಯ್ದವರು ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸಿ, ಮುಂದಿನ ವಾರ ಎಲ್ಲರಿಗೂ ಹಂಚಬೇಕು.

ರಾಜೀವ ಹಿಂದಿನ ವಾರವಷ್ಟೇ ಸೇರಿದ್ದ. ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ, ಬಾಡಿಗೆ ಕೋಣೆಯಲ್ಲಿ ಒಂಟಿ ಅಡುಗೆ. ಅಂದು ಅವನೇ ಓದಿದ್ದ. ಸೌತೆಕಾಯಿ ಕೈಗಿಟ್ಟಾಗ, ಚೆನ್ನಾಗಿ ಓದಿದ್ದಕ್ಕೆ ಉಡುಗೊರೆ ಎಂದುಕೊಂಡು, ಚಟ್ಲಿ, ಅಂದರೆ ಸಿಗಡಿ, ಹಾಕಿ ಸಾರು ಮಾಡಿದ್ದ. ಪಾಪ ಅನ್ನಬೇಕೋ, ಕಿವಿ ಹಿಂಡಬೇಕೋ ನೀವೇ ಹೇಳಿ.

ಆದರೆ ತುಂಗಾಳಿಗೆ ಅದು ಬರೀ ಸೌತೆಕಾಯಿಯಾಗಿರಲಿಲ್ಲ. ಅವಳ ಅಮ್ಮ ಮುತ್ತಕ್ಕ ವರ್ಷವರ್ಷವೂ ಬೀಜ ಉಳಿಸಿಕೊಂಡು ಬಂದ ತಳಿ. ಅಮ್ಮ ಹೋಗಿ ವರ್ಷವಾಗಿತ್ತು. ಹಿತ್ತಲು ಹೆದ್ದಾರಿಯ ಅಗಲೀಕರಣಕ್ಕೆ ಹೋಯಿತು. ಬಾಡಿಗೆ ಮನೆಯಲ್ಲಿ ಇಲಿ ಕಾಟವೆಂದು, ಹಿಂದಿನ ವಾರ ತಾನು ಬರಲಾಗದಿದ್ದರೂ, ಕೊನೆಯ ಕಾಯಿಯನ್ನು ನಂಬಿಕೆಯಿಂದ ಇಲ್ಲಿಗೆ ಕಳಿಸಿದ್ದಳು.

"ಅದ್ ನನ್ನಮ್ಮನ ಬೀಜ. ಇನ್ನೊಂದ್ ಇಲ್ಲೆ."

ರಾಜೀವ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟ. "ಆ ಬೀಜ ಸಿಕ್ಕುವರೆಗೆ ನಾನ್ ಇಲ್ಲಿ ಓದುದಿಲ್ಲೆ."

"ಎಲ್ಲಿ ಸಿಕ್ಕತ್ತ್? ಹೊಳಿಯಗಾ?"

"ನಿಮ್ಮಮ್ಮ ಬೇರೆ ಯಾರಿಗಾರೂ ಬೀಜ ಕೊಟ್ಟಿದ್ರಾ?"

"ಯಾರಿಗ್ ಕೊಡ್ಲಿಲ್ಲೆ ಅಂದೇಳಿ ಕೇಣಿ. ಒಣಮೀನಿನ ಬುಟ್ಟಿ ಹೊತ್ಕಂಡ್ ಶಂಕರನಾರಾಯಣ, ಕೆರಾಡಿ ಅಂದೇಳಿ ತಿರುಗ್ತಿದ್ರ್. ಸೆರಗಿನ ಗಂಟಂಗೆ ಬೀಜ ಇಪ್ದೇ. ಯಾವ ಮನಿ ಅಂದೇಳಿ ಯಾರಿಗ್ ಗೊತ್ತಿತ್?"

ಮುಂದಿನ ಭಾನುವಾರ ರಾಜೀವ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

'ಓಡಿಹೋದ... ಮಾತಿಗೇನು, ಯಾರು ಬೇಕಾದರೂ ಆಡುತ್ತಾರೆ!' ಎಂದುಕೊಂಡಳು ತುಂಗಾ.

ಪುಸ್ತಕವನ್ನು ತಾನೇ ಓದಿದಳು. ಸಿಟ್ಟಿನಲ್ಲಿ ಓದಿದರೆ ಗೊಬ್ಬರದ ಪಾಠವೂ ಜಗಳದ ಹಾಗೆ ಕೇಳಿಸುತ್ತದೆ. "ಆ ಗಂಡ್ ಓದುವತ್ತಿಗೆ ಬಳ್ಳಿ ಕಣ್ಣೆದ್ರೇ ಹಬ್ಬಿದಾಂಗೆ ಇತ್ತ್," ಎಂದು ಯಾರೋ ಗೊಣಗಿದರು. ಅವಳು ಕೇಳಿಸದವಳಂತೆ ಹಾಳೆ ತಿರುಗಿಸಿದಳು.

ಮಳೆ ಹಿಡಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಅಷ್ಟರೊಳಗೆ ಬೀಜ ಮಣ್ಣಿಗೆ ಬೀಳದಿದ್ದರೆ ಅಮ್ಮನ ಬಳ್ಳಿ ಈ ವರ್ಷ ಇಲ್ಲ. ಈ ವರ್ಷ ಇಲ್ಲದ್ದು ಇನ್ನೆಂದು? ಆದರೂ ಅವಳು ಬಾಡಿಗೆ ಮನೆಯ ಅಂಗಳದಲ್ಲಿ ಹಟಕ್ಕೆ ಬಿದ್ದು ಪಾತಿ ಮಾಡಿದಳು, ಚಪ್ಪರಕ್ಕೆ ಗಳು ನೆಟ್ಟಳು. ಖಾಲಿ ಪಾತಿಗೆ ದಿನಾ ನೀರನ್ನೂ ಹಾಕಿದಳು.

ಒಂದು ಮಧ್ಯಾಹ್ನ ಬಾಗಿಲಲ್ಲಿ ದನಿ.

"ಹ್ವಾಯ್... ಸಿಕ್ತ್."

ರಾಜೀವ. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಮೊಣಕಾಲವರೆಗೆ ಕೆಂಪು ಧೂಳು.

"ಎಲ್ಲಿದ್ರಿ ಇಷ್ಟ್ ದಿನ?"

"ರಜೆ ಸಿಕ್ಕಿದಾಗೆಲ್ಲ ಬಸ್ ಹತ್ತಿ ಹೋಪ್ದ್, ಮನಿಮನಿಗ್ ಹೋಯಿ ಮೀನಿನ ಮುತ್ತಕ್ಕ ಗೊತ್ತಿತ್ತಾ ಅಂದೇಳಿ ಕೇಂಬುದ್. ಎಲ್ಲರಿಗೂ ಗೊತ್ತಿತ್ ಮಾರಾಯ್ರೆ. ಬೀಜ ಮಾತ್ರ ಕೆರಾಡಿಯಗೆ, ಗಿರಿಜಕ್ಕ ಅನ್ನುವವ್ರ ಮನಿಯಗ್ ಇತ್ತ್."

"ಅದೇ ಅಂದೇಳಿ ಹ್ಯಾಂಗ್ ಗೊತ್ತಾಯ್ತ್?"

"ತೊಟ್ಟಿನ ಹತ್ರ ಬಿಳಿ ಗೆರೆ. ತಿಂದವನಿಗ್ ಗುರ್ತ್ ಸಿಕ್ಕುದಿಲ್ಯಾ?"

ನಗು ಬಂತು, ನುಂಗಿಕೊಂಡಳು. "ತಂದ್ರ್ಯಾ?"

"ಕೊಡ್ಲಿಲ್ಲೆ. ಬೀಜದ ಕಾಯಿ ತಿಂದವನ ಕೈಯಗೆ ಕೊಡುದಿಲ್ಲೆ, ಮುತ್ತಕ್ಕನ ಮಗಳೇ ಬರ್ಕ್ ಅಂದ್ರ್."

'ಅಂದರೆ ತಿಂದದ್ದನ್ನೂ ಅಲ್ಲಿ ಹೇಳಿದ್ದಾನೆ... ನನ್ನಮ್ಮನ ಹೆಸರು ಹಿಡಿದು ಇವನು ಊರೂರು ಅಲೆದನಾ?' ತುಂಗಾಳ ಕಣ್ಣು ತುಂಬಿತು. ಇಷ್ಟು ದಿನ ಅವನನ್ನು ಬೈದ ಬೈಗುಳಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಮರುದಿನ ಇಬ್ಬರೂ ಕೆರಾಡಿಗೆ ಹೋದರು.

ಗಿರಿಜಕ್ಕನ ಅಡುಗೆಮನೆಯ ಜಂತಿಯಲ್ಲಿ ಸೌತೆಕಾಯಿಗಳು ಬಾಳೆನಾರಿನಲ್ಲಿ ತೂಗುತ್ತಿದ್ದವು. ಪ್ರತಿಯೊಂದರ ತೊಟ್ಟಿನ ಬಳಿಯೂ ಅದೇ ಬಿಳಿ ಗೆರೆ! ಸೆರಗಿನ ಗಂಟಿನಲ್ಲಿ ಹೊರಟ ಚಿಟಿಕೆಯಷ್ಟು ಬೀಜ ಕಾಡಿನ ಅಂಚಿನವರೆಗೂ ಬಂದು, ಅಮ್ಮ ಇಲ್ಲದ ವರ್ಷದಲ್ಲೂ ಕಾಯಿ ಬಿಟ್ಟಿತ್ತಲ್ಲ... ತುಂಗಾ ಒಂದನ್ನು ಮುಟ್ಟಿ ಹಾಗೇ ನಿಂತಳು.

"ಬಾ ಹೆಣ್ಣೆ, ಕೂಕೊ," ಎಂದರು ಗಿರಿಜಕ್ಕ. "ನಿನ್ನಬ್ಬಿ ಬೀಜ ಕೊಡುವತ್ತಿಗೆ ಒಂದೇ ಮಾತ್ ಹೇಳುದ್. ನನ್ನಲ್ ಹೋರೆ ನಿನ್ನಲ್ ಇರ್ಲಿ ಗಿರಿಜಾ, ಒಂದ್ ಮನಿಯಗ್ ಹಾಳಾದ್ರೂ ಇನ್ನೊಂದ್ ಮನಿಯಗ್ ಉಳಿತ್ತ್, ಅಂದೇಳಿ. ತಕೊ, ಎರಡ್ ಕಾಯಿ. ಈ ಗಂಡ್ ಮುಟ್ಟದಾಂಗೆ ಕಾಣ್ಕೊ."

ವಾಪಸು ಬರುವ ಬಸ್ಸಿನಲ್ಲಿ ತೊಡೆಯ ಮೇಲಿನ ಚೀಲವನ್ನು ತುಂಗಾ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಇವತ್ತು ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಶಂಕರನಾರಾಯಣ ದಾಟಿದ ಮೇಲೆ ಒಂದು ಕಾಯಿ ತೆಗೆದು ಅವನ ಕೈಯಲ್ಲಿಟ್ಟಳು.

"ನಂಗಾ? ತಿಂದವನಿಗಾ?"

"ಹೌದ್," ಎಂದಳು ಅವನನ್ನೇ ನೋಡುತ್ತ. "ನನ್ನಲ್ ಹೋರೆ ನಿಮ್ಮಲ್ ಇರ್ಲಿ."

ಅವನಿಗೆ ಅರ್ಥವಾಯಿತು. ಕಾಯಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡ.

"ತುಂಗಾ... ಎರಡ್ ಮನಿ ಎಂತಕೆ? ಒಂದೇ ಮನಿ ಆದ್ರೆ ಆತಿಲ್ಯಾ?"

"ಅಕ್ಕ್," ಎಂದು ಅವಳು ಒಪ್ಪಿದಳು. "ಒಂದೇ ಮನಿ ಆದ್ರೂ ಕಾಯಿ ಎರಡ್ ಕಡೆ ತೂಗ್ ಹಾಕುದ್. ಮತ್ತೆ, ಬಪ್ಪು ಭಾನುವಾರ ನೀವೇ ಓದ್ಕ್. ನಾನಿನ್ನೂ ಕೇಣ್ಲಿಲ್ಲೆ."

"ಓದ್ತೆ." ಸ್ವಲ್ಪ ತಡೆದು, ಅಂಜುತ್ತ ಕೇಳಿದ, "ಬೀಜ ತೆಗ್ದ್ ಮೇಲೆ... ಚಟ್ಲಿ ಸಾರ್ ಮಾಡ್ಲಕ್ಕಾ?"

"ನಾನೇ ಮಾಡಿ ಹಾಕ್ತೆ, ಮಾರಾಯ್ರೆ."