ಬಿಬಿಂಕಾಳ ಹಗ್ಗ ಕತ್ತರಿಸಿದವನು

ಸರ್ವಿಸ್ ಲಿಫ್ಟಿನ ಬಾಗಿಲು ತೆರೆಯುವುದಕ್ಕೂ ನಾಯಿ ಬಿಬಿಂಕಾ ಚಂಗನೆ ಹೊರಗೆ ಹಾರುವುದಕ್ಕೂ ಸರಿಹೋಯಿತು!

ಮರಿಕಿತ್ ಹಿಡಿದಿದ್ದ ಪ್ಲಾಸ್ಟಿಕ್ ಹಿಡಿಯೊಳಗಿಂದ ಸುರುಳಿ ಹಗ್ಗ ಝರ್ರನೆ ಬಿಚ್ಚಿಕೊಳ್ಳುತ್ತಾ ಹೋಯಿತು. ಗುಂಡಿ ಒತ್ತಿದರೆ ಹಗ್ಗ ಅಲ್ಲೇ ನಿಲ್ಲುತ್ತದೆ. ಆದರೆ ಆ ಗಾಬರಿಯಲ್ಲಿ ಅವಳ ಹೆಬ್ಬೆರಳಿಗೆ ಗುಂಡಿಯೇ ಸಿಗಲಿಲ್ಲ.

ಎದುರಿಗೆ ಒಬ್ಬ ಗಂಡಸು ಕೇಕಿನ ಡಬ್ಬಗಳನ್ನು ಗದ್ದದವರೆಗೆ ಪೇರಿಸಿಕೊಂಡು ನಿಂತಿದ್ದ. ಡಬ್ಬಗಳ ಪರಿಮಳಕ್ಕೆ ಮರುಳಾದ ನಾಯಿ ಅವನ ಸುತ್ತ ಗಿರ್ರನೆ ಸುತ್ತಿತು. ಹಗ್ಗ ಅವನ ಎರಡೂ ಕಾಲುಗಳನ್ನು ಬಿಗಿಯಿತು. ಮರುಕ್ಷಣ ಅವನು ನೆಲದ ಮೇಲೆ, ಅವನ ಮೇಲೆ ನೇರಳೆ ಗೆಣಸಿನ ಉಬೆ ಕೇಕು, ಕೇಕಿನ ಮೇಲೆ ಬಿಬಿಂಕಾ.

ಅಯ್ಯೋ ದೇವರೇ... ಇವತ್ತು ನನ್ನ ಕತೆ ಮುಗೀತು!

ಮರಿಕಿತ್ ಬೈಗುಳಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ.

"ನಾಯಿಗೆ ಪೆಟ್ಟಾಗ್ಲಿಲ್ಲ ತಾನೇ?" ಎಂದ ಅವನು.

ಕಣ್ಣು ಬಿಟ್ಟು ನೋಡಿದಳು. ಬರ್ಮುಡಾ ಚಡ್ಡಿಯ ಕೆಳಗೆ ಅವನ ಮೀನಖಂಡದಲ್ಲಿ ಹಗ್ಗ ಉಜ್ಜಿ ಚರ್ಮ ಕಿತ್ತು ಹೋಗಿತ್ತು. ಅದನ್ನು ಬಿಟ್ಟು ಅವನು ನಾಯಿಯ ಕೊರಳು ಮುಟ್ಟಿ ನೋಡುತ್ತಿದ್ದ! ಅವಳ ಎದೆ ಧಸಕ್ಕೆಂದಿತು. ಗಾಯ ನೋಡಿಯೋ, ಅವನನ್ನು ನೋಡಿಯೋ... ಅದು ಆಗ ಅವಳಿಗೂ ತಿಳಿಯಲಿಲ್ಲ.

ನಮ್ಮ ಕೇಸೋನ್ ಸಿಟಿಯ ಆ ಎತ್ತರದ ಕಟ್ಟಡದಲ್ಲಿ ನಾಯಿಗಳಿಗೂ ಸಾಮಾನು ಹೊತ್ತವರಿಗೂ ಸರ್ವಿಸ್ ಲಿಫ್ಟೇ ಗತಿ. ಲಿಫ್ಟಿನೊಳಗೆ ನಾಯಿಯನ್ನು ಎತ್ತಿಕೊಂಡೇ ಇರಬೇಕೆಂದು ಗೋಡೆಯ ಮೇಲೆ ಬರೆದು ಬೇರೆ ಅಂಟಿಸಿದ್ದಾರೆ. ಬಿಬಿಂಕಾಳಂಥ ಗುಂಡು ಗುಂಡಾದ ನಾಡ ನಾಯಿಯನ್ನು ಎತ್ತಲು ಪೈಲ್ವಾನನೇ ಬರಬೇಕು. ಹಾಗಾಗಿ ಆ ಬರಹವನ್ನು ಎಲ್ಲರೂ ಓದುತ್ತಾರೆ, ಯಾರೂ ಪಾಲಿಸುವುದಿಲ್ಲ.

ಅವನ ಹೆಸರು ಇಸಿದ್ರೊ. ಮರಿಕಿತ್‌ಳ ಮನೆಗಿಂತ ಎರಡು ಮಹಡಿ ಕೆಳಗೆ ಇದ್ದುಕೊಂಡು ಮನೆಯಲ್ಲೇ ಕೇಕು, ಬನ್ನು ಮಾಡಿ ಮಾರುವವನು. ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಅವಳ ಮನೆಯಲ್ಲಿ ಇದ್ದದ್ದು ಅಜ್ಜಿ ಪಸಿಂಗ್ ಮತ್ತು ಈ ನಾಯಿ, ಅಷ್ಟೇ. ಅಜ್ಜಿಯನ್ನು ಇಡೀ ಮಹಡಿಯೇ 'ಲೋಲಾ', ಅಂದರೆ ಅಜ್ಜಿ, ಎಂದೇ ಕರೆಯುತ್ತಿತ್ತು.

ನಯವಾಗಿ ಕ್ಷಮೆ ಕೇಳಲು ಹೋದವಳಿಗೆ ಇಸಿದ್ರೊ ಪಾಠ ಶುರುಮಾಡಿದ. ಇಂಥ ಹಗ್ಗ ಕಾಲು ಕುಯ್ಯುತ್ತದೆ, ನಾಯಿ ರಸ್ತೆಗೆ ನುಗ್ಗಿದರೆ ತಡೆಯಲು ಆಗುವುದಿಲ್ಲ, ಕೈ ಜಾರಿದರೆ ಆ ಹಿಡಿಯೇ ಟಕಟಕ ಸದ್ದು ಮಾಡಿಕೊಂಡು ನಾಯಿಯ ಹಿಂದೆ ಬೀಳುತ್ತದೆ, ಹೆದರಿದ ನಾಯಿ ಊರು ಬಿಟ್ಟು ಓಡುತ್ತದೆ ಎಂದ. ಮರಿಕಿತ್‌ಗೆ ಸಿಟ್ಟು ಬಂತು.

"ನಾನು ತರೋಕೆ ಮುಂಚೆ ಇವಳನ್ನ ಎರಡು ಅಡಿ ಸರಪಳೀಲಿ ಕಟ್ಟಿ ಹಾಕಿದ್ರು. ಮಲಗಿದ್ದಲ್ಲೇ ತಿಂದು, ತಿಂದಲ್ಲೇ ಮಲಗಿದ್ಲು. ಐದು ಮೀಟರ್ ಓಡಾಡಲಿ ಅಂತ ಕೊಟ್ಟಿದ್ದು ತಪ್ಪಾ?"

ಹಾಗಾದರೆ ಅವಳು ಓಡುವುದನ್ನು ತಾನೂ ನೋಡಬೇಕು ಎಂದ ಅವನು. ಮುಂದಿನ ಭಾನುವಾರ ವಿಶ್ವವಿದ್ಯಾಲಯದ ಬಯಲಿಗೆ ಜೊತೆಗೆ ಹೋದರು. ಬಿಬಿಂಕಾ ಹಗ್ಗ ಮುಗಿಯುವವರೆಗೂ ಓಡಿ, ಹುಲ್ಲು ಮೂಸಿ, ಮತ್ತೆ ಓಡಿಬಂದು ಅವನ ಮೊಣಕಾಲಿಗೆ ಮೂತಿ ಒತ್ತಿದಳು. "ಸರಿ, ಬಯಲಲ್ಲಿ ಇರಲಿ. ಲಿಫ್ಟ್ ಹತ್ರ ಮಾತ್ರ ಬೇಡ. ನೀನು ಕೇಳ್ದೇ ಇದ್ರೆ ಒಂದಿನ ನಾನೇ ಕತ್ತರಿಸಿ ಬಿಸಾಕ್ತೀನಿ," ಎಂದು ನಕ್ಕ. ಅವಳೂ ನಕ್ಕಳು.

ಆಮೇಲೆ ಅವನು ಲೋಲಾಗೆಂದು ಬಿಸಿ ಬನ್ನು ಹಿಡಿದುಕೊಂಡು ಮೇಲೆ ಬರತೊಡಗಿದ. ಹುಡುಗಿಗೆ ಮನಸ್ಸು ಕೊಟ್ಟವನು ಮೊದಲು ಅವಳ ಮನೆಯವರ ಹೊಟ್ಟೆ ತುಂಬಿಸಬೇಕು, ಅದು ನಮ್ಮಲ್ಲಿ ಹಳೆಯ ಲೆಕ್ಕಾಚಾರ. ಲೋಲಾ ಬನ್ನು ತಿನ್ನುತ್ತಾ ಮೊಮ್ಮಗಳ ಕೆನ್ನೆ ಕೆಂಪಾಗುವುದನ್ನು ಓರೆಗಣ್ಣಿನಲ್ಲಿ ನೋಡಿ ಖುಷಿಪಡುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ...

ಕ್ಲಿನಿಕ್ಕಿನಿಂದ ಬಂದ ಮರಿಕಿತ್ ತನ್ನ ಮಹಡಿಯಲ್ಲಿ ಲಿಫ್ಟಿನಿಂದ ಇಳಿದಳು. ಇಳಿದವಳು ಅಲ್ಲೇ ಕಲ್ಲಾದಳು!

ಕಾರಿಡಾರಿನಲ್ಲಿ ಇಸಿದ್ರೊ ನಿಂತಿದ್ದ. ಕೈಯಲ್ಲಿ ಕೇಕಿನ ಡಬ್ಬದ ರಿಬ್ಬನ್ ಕತ್ತರಿಸುವ ಕತ್ತರಿ. ಕಾಲ ಬಳಿ ಸುರುಳಿ ಹಗ್ಗದ ಹಿಡಿ ಬಿದ್ದಿತ್ತು, ಹಗ್ಗ ತುಂಡಾಗಿತ್ತು. ಗೋಡೆಗೆ ಒರಗಿ ಕೂತು ಲೋಲಾ ಅಳುತ್ತಿದ್ದಳು. ಬಿಬಿಂಕಾ ಎಲ್ಲೂ ಇಲ್ಲ.

"ನಾಯಿ ಎಲ್ಲಿ?"

"ಮೆಟ್ಟಿಲಿಳಿದು ಓಡಿಹೋದ್ಲು. ಹಿಂದೇನೇ ಓಡ್ದೆ, ಬೀದೀಲಿ ಕಣ್ಮರೆ ಆದ್ಲು..."

"ಹಗ್ಗ ಕತ್ತರಿಸಿದ್ದು ಯಾರು?"

ಅವನು ಬಾಯಿ ತೆರೆದ. ಲೋಲಾಳ ಕೈ ಅವನ ಏಪ್ರನ್ನಿನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಅದು ಮರಿಕಿತ್‌ಳ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ನಾನೇ," ಎಂದ ಇಸಿದ್ರೊ.

"ಬೇಕು ಅಂತಲೇ?"

"ಹೌದು."

ನಗುನಗುತ್ತಾ ಹೇಳಿದ್ದನ್ನು ಮಾಡಿಯೇ ಬಿಟ್ಟನಾ? ಇವನನ್ನಾ ನಾನು ನಂಬಿದ್ದು? ಅವಳು ಕಿರುಚಲಿಲ್ಲ. ಇನ್ನು ಮುಂದೆ ನಮ್ಮ ಬಾಗಿಲಿಗೆ ಬರಬೇಡ ಎಂದಷ್ಟೇ ಹೇಳಿ ಬೀದಿಗೆ ಓಡಿದಳು. ಕಂಡಕಂಡವರನ್ನು ಕೇಳಿದಳು, ಗಂಟಲು ಕಟ್ಟುವವರೆಗೆ ಕೂಗಿದಳು. ಬಿಬಿಂಕಾ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಲೋಲಾ ಅನ್ನದ ತಟ್ಟೆ ಮುಂದಿಟ್ಟಳು. ಆಗ ಕಂಡಿತು... ಆ ಮುದಿ ಅಂಗೈಯ ಮೇಲೆ ಬಾಸುಂಡೆ! ತೆಳ್ಳಗೆ, ನೇರವಾಗಿ, ಕೆಂಪಗೆ. ಅಂಥ ಗೆರೆ ಎಳೆಯುವುದು ಒಂದೇ ವಸ್ತು.

"ಲೋಲಾ... ಹಗ್ಗ ನಿನ್ನ ಕೈಲಿತ್ತಾ?"

ಅಜ್ಜಿಯ ಕೈಯಿಂದ ಚಮಚ ಬಿತ್ತು. ಬಿಕ್ಕುತ್ತಾ ಒಂದೊಂದೇ ಮಾತು ಹೊರಬಂತು. ಮೊಮ್ಮಗಳು ಬೇಡವೆಂದಿದ್ದರೂ ನಾಯಿಯನ್ನು ಕೆಳಗೆ ಕರೆದೊಯ್ಯಲು ತಾನೇ ಹೊರಟಿದ್ದಳು. ತಾನು ಲಿಫ್ಟಿನೊಳಗೆ ಕಾಲಿಟ್ಟಳು, ಬಿಬಿಂಕಾ ಹೊರಗೆ ಏನನ್ನೋ ಮೂಸುತ್ತಾ ನಿಂತಳು. ಬಾಗಿಲು ಮುಚ್ಚಿಕೊಂಡಿತು. ದಾರದಷ್ಟು ತೆಳುವಾದ ಹಗ್ಗ ಅಡ್ಡ ಇರುವುದು ಲಿಫ್ಟಿಗೆ ಗೊತ್ತಾಗಲೇ ಇಲ್ಲ. ಲಿಫ್ಟು ಇಳಿಯತೊಡಗಿತು. ಮೇಲೆ ನಾಯಿಯ ಕೊರಳಿಗೆ ಹಗ್ಗ, ಕೆಳಗೆ ಹೋಗುತ್ತಿರುವ ಲಿಫ್ಟಿನಲ್ಲಿ ಲೋಲಾ! ಸಂಧಿವಾತದ ಬೆರಳಿಗೆ ಹಿಡಿಯ ಕುಣಿಕೆ ಸಿಕ್ಕಿಕೊಂಡು ಬಿಡಿಸಿಕೊಳ್ಳಲೂ ಆಗಲಿಲ್ಲ.

"ಬಿಬಿಂಕಾ ಕಿರುಚಿದ್ದು ನನಗೆ ಒಳಗೇ ಕೇಳಿಸ್ತು ಮಗಳೇ. ಸತ್ಲು ಅಂದ್ಕೊಂಡೆ. ಆ ಹುಡುಗ ಬನ್ನು ತಂದಿದ್ನಂತೆ, ಎಲ್ಲಾ ಬಿಸಾಕಿ ಏಪ್ರನ್ ಜೇಬಿನ ಕತ್ತರಿ ತೆಗೆದು ಹಗ್ಗ ಕತ್ತರಿಸ್ದ. ತುಂಡು ಹಗ್ಗ ಬಂದು ನನ್ನ ಕೈಗೆ ಬಾರಿಸ್ತು. ಅವಳು ಬದುಕಿಕೊಂಡ್ಲು... ನಾನು ಮತ್ತೆ ಮೇಲೆ ಬರೋ ಹೊತ್ತಿಗೆ ಹೆದರಿ ಓಡಿದ್ಲು."

"ಮತ್ತೆ ನಿನ್ನೆ ಅವನು ಯಾಕೆ ಹೇಳ್ಲಿಲ್ಲ?"

"ನಾನೇ ಹೇಳ್ಬೇಡ ಅಂತ ಬೇಡ್ಕೊಂಡೆ, ಅವನ ಕಾಲು ಹಿಡಿಯೋದೊಂದು ಬಾಕಿ. ನಾನು ಗ್ಯಾಸ್ ಆರಿಸೋದು ಮರೆತಾಗ್ಲೇ ನಿನ್ನ ಸೋದರಮಾವ ಅಂದಿದ್ನಲ್ಲ, ಇನ್ನೊಂದು ಸಲ ಹೀಗೆ ಆದ್ರೆ ಸೆಬುಗೆ, ತನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ. ನಿನ್ನ ಬಿಟ್ಟು ನಾನು ಹೇಗಿರ್ಲಿ?"

ಹಿರಿಯರ ಮಾನ ಹೋಗಬಾರದೆಂದು ನಾವು ಬಾಯಿ ಹೊಲಿದುಕೊಳ್ಳುತ್ತೇವೆ, ನಿಜ. ಆದರೆ ಪ್ರೀತಿಸಿದವಳ ಕಣ್ಣಲ್ಲಿ ಕಟುಕನಾಗಿ ನಿಲ್ಲುವಷ್ಟಾ? ಮರಿಕಿತ್ ಅಜ್ಜಿಯನ್ನು ತಬ್ಬಿಕೊಂಡು, ಯಾವ ಮಾವನಿಗೂ ಹೇಳುವುದಿಲ್ಲ, ನೀನು ಎಲ್ಲಿಗೂ ಹೋಗುವುದಿಲ್ಲ ಎಂದು ಸಮಾಧಾನ ಮಾಡಿದಳು. ಮುಖವನ್ನೂ ತೊಳೆಯದೆ ಎರಡು ಮಹಡಿ ಇಳಿದು ಬಾಗಿಲು ಬಡಿದಳು. ಉತ್ತರವಿಲ್ಲ.

ಕೆಳಗಿನ ಗಾರ್ಡ್ ಹೇಳಿದ. ನಾಯಿ ಹುಡುಕಲು ಹೋದ ಇಸಿದ್ರೊ ನಿನ್ನೆ ಸಂಜೆಯಿಂದ ಮನೆಗೇ ಬಂದಿಲ್ಲ. ನಾಯಿ ಹಿಡಿಯುವವರು ನಸುಕಿನಲ್ಲೇ ಒಂದು ಕಂದು ನಾಯಿಯನ್ನು ಬರಂಗೈ ಕಚೇರಿಗೆ ಒಯ್ದರೆಂದು ಯಾರೋ ಅವನಿಗೆ ಫೋನ್ ಮಾಡಿದರಂತೆ, ಅಲ್ಲಿಗೆ ಹೋಗಿದ್ದಾನೆ.

ಬಡಾವಣೆಯ ಆ ಕಚೇರಿಯ ಹಿತ್ತಲಲ್ಲಿ ಸಾಲಾಗಿ ಪಂಜರಗಳು. ಕೊನೆಯ ಪಂಜರದ ಮುಂದೆ, ಒದ್ದೆ ಸಿಮೆಂಟಿನ ಮೇಲೆ, ಇಸಿದ್ರೊ ಕೂತಿದ್ದ. ಒಂದು ತೋಳು ಸರಳುಗಳ ಒಳಗೆ. ಆ ತೋಳಿನ ಮೇಲೆ ತಲೆಯಿಟ್ಟು ಬಿಬಿಂಕಾ ಮಲಗಿದ್ದಳು!

ಮರಿಕಿತ್ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು.

"ಇಲ್ಲಿನ ಲಸಿಕೆ ಪಟ್ಟೀಲಿ ನಿನ್ನ ಹೆಸರಿದೆ, ನಿನಗೇ ಕೊಡೋದಂತೆ. ಅದನ್ನೇ ನಿನಗೆ ಹೇಳು ಅಂತ ಗಾರ್ಡ್‌ಗೆ ಫೋನ್ ಮಾಡ್ದೆ," ಎಂದ ಅವನು, ಅವಳತ್ತ ನೋಡದೆ. "ಕೈ ತೆಗೆದ್ರೆ ಅಳ್ತಾಳೆ. ಅದಕ್ಕೇ ಕೂತೆ. ನೀನು ಕರ್ಕೊಂಡು ಹೋಗು, ನಾನು ಆಮೇಲೆ ಬರ್ತೀನಿ."

ಅವಳು ಅವನ ಪಕ್ಕದಲ್ಲೇ ಕುಸಿದು ಕೂತಳು. "ಲೋಲಾ ಎಲ್ಲಾ ಹೇಳಿದ್ಲು."

ಅವನು ಬೆಚ್ಚಿದ. "ಅವರನ್ನ ಬೈಲಿಲ್ಲ ತಾನೇ?"

"ಇಲ್ಲ. ನಿನ್ನ ಬೈಯೋಕೆ ಬಂದೆ. ನನ್ನ ಕೈಲಿ ಹಾಗೆ ಅನ್ನಿಸ್ಕೊಂಡು ಯಾಕೆ ಸುಮ್ನಿದ್ದೆ?"

"ನಿಜ ಹೇಳಿದ್ರೆ ಲೋಲಾ ಸಮುದ್ರ ದಾಟಿ ಸೆಬುಗೆ ಹೋಗ್ಬೇಕಿತ್ತು," ಎಂದ ಇಸಿದ್ರೊ. "ನಾನಾದ್ರೆ ಎರಡು ಮಹಡಿ ಕೆಳಗೆ ಹೋದ್ರೆ ಸಾಕಿತ್ತು."

ಮರಿಕಿತ್‌ಗೆ ಇಡೀ ರಾತ್ರಿ ಇವನನ್ನು ದ್ವೇಷಿಸಿದ್ದೆನಲ್ಲ ಎಂದು ನಾಚಿಕೆಯಾಯಿತು, ಇವನನ್ನು ಬಿಟ್ಟಿರಲಾರೆ ಎಂಬುದು ಸ್ಪಷ್ಟವಾಯಿತು. ತಾನೂ ಸರಳಿನೊಳಗೆ ಕೈ ತೂರಿಸಿ, ನಾಯಿಯ ತಲೆಯ ಕೆಳಗಿದ್ದ ಅವನ ಬೆರಳುಗಳನ್ನು ಹಿಡಿದಳು.

ಬೀಗದ ಕೈ ಹಿಡಿದುಕೊಂಡು ಕಚೇರಿಯ ಹೆಂಗಸು ಬಂದಳು. "ಇವರು ನಸುಕಿನಿಂದ ಇಲ್ಲೇ ಕೂತಿದಾರೆ. ನಾಯಿ ನನ್ನದಲ್ಲ ಅಂತಾರೆ, ಎದ್ದೂ ಹೋಗಲ್ಲ. ಹೋಗ್ಲಿ, ಇದು ಯಾರ ನಾಯಿ ಮೇಡಂ?"

"ನಮ್ಮಿಬ್ಬರದು," ಎಂದಳು ಮರಿಕಿತ್.

ಇಸಿದ್ರೊ ಆಗ ಅವಳ ಮುಖ ನೋಡಿದ. ನಿದ್ದೆಯಿಲ್ಲದ ಅವನ ಕಣ್ಣುಗಳು ತುಂಬಿ ಬಂದಿದ್ದವು.

"ಬರೀ ನಾಯಿ ಮಾತ್ರನಾ?" ಎಂದು ಮೆಲ್ಲಗೆ ಕೇಳಿದ.

"ಲೋಲಾನೂ ಇದಾಳೆ," ಎಂದಳು. "ನಾನೂ ಇದೀನಿ. ಎಲ್ಲಾ ಸೇರಿಸಿ ತಗೋತೀಯಾ?"

ಅವನು ಹೂಂ ಎಂದು ತಲೆಯಾಡಿಸಿದ. ಹಿಡಿದ ಕೈಯನ್ನು ಬಿಡಲಿಲ್ಲ.