ಮರಿ ದಾಟದ ಹೊಸ್ತಿಲು

"ಬೆಕ್ಕು ಸಾಕ್ತೀಯಾ, ಸಾಕವ್ವ. ಯಾರು ಬೇಡ ಅಂದ್ರು? ಆದ್ರೆ ಆ ಕಣಜದ ಮನೇಲಿ ಮರಿ ಹಾಕಕ್ಕೆ ಮಾತ್ರ ಬುಡ್ಬೇಡ. ಅದ್ರ ಹೊಸ್ಲಿಗೆ ಕಟ್ಟು ಹಾಕ್ಸವ್ರೆ."

ಪಕ್ಕದ ಜಮೀನಿನ ಸರೋಜಮ್ಮ ಬೇಲಿಯಾಚೆ ನಿಂತು ಹೀಗೆಂದಾಗ ಹೇಮಶ್ರೀ ನಕ್ಕುಬಿಟ್ಟಳು. ಸುಮ್ಮನೆ ನಕ್ಕಿದ್ದರೆ ಆಗುತ್ತಿತ್ತು. "ಮಾಟ ಮಾಡೋರು ಬೆಕ್ಕಿನ ತನಕ ಬಂದ್ರಾ ದೊಡ್ಡಮ್ಮ? ಮನುಷ್ಯರು ಸಾಲಲಿಲ್ವಾ ಅವರಿಗೆ?" ಎಂದೂ ಕೇಳಿದಳು.

ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ಹೇಮಶ್ರೀ. ಬೇಡ ಅಂದದ್ದನ್ನೇ ಮೊದಲು ಮಾಡುವ ಜಾತಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರೆ ಮೂರೇ, ನಾಲ್ಕನೆಯದನ್ನು ತೋರಿಸಿದವನೇ ದಡ್ಡ. ಗಂಡ ಯೋಗಾನಂದ ಯಸಳೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ತೊಂಬತ್ತಾರರಲ್ಲಿ ಇಬ್ಬರೂ ಸೇರಿ ಚಂದ್ರಯ್ಯನೆಂಬ ಮುದುಕನಿಂದ ಎರಡೆಕರೆ ಗದ್ದೆ, ಇಳಿಜಾರಿನ ಒಂದಿಷ್ಟು ಕಾಫಿ, ಒಂದು ಸಣ್ಣ ಮನೆ ಕೊಂಡಿದ್ದರು. ಮನೆಯಿಂದ ನೂರು ಹೆಜ್ಜೆ ದೂರದಲ್ಲಿ ಕಲ್ಲಿನ ಕಣಜದ ಮನೆ. ಕಿಟಕಿ ಇಲ್ಲ, ಇರುವುದು ಒಂದೇ ಬಾಗಿಲು.

ಬಿತ್ತನೆ ಭತ್ತದ ಮೂಟೆಗಳೆಲ್ಲ ಅಲ್ಲೇ ಇದ್ದವು. ಇಲಿಗಳಿಗೂ ಅದು ಗೊತ್ತಿತ್ತು. ಪಾಷಾಣ ಇಡೋಣ ಎಂದು ಯೋಗಾನಂದ ಹೇಳಿದ್ದ. ಐದು ತಿಂಗಳ ಮಗಳು ಚೈತ್ರ ಇನ್ನೇನು ಅಂಬೆಗಾಲಿಡುವವಳು; ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ಮನೆಯಲ್ಲಿ ಪಾಷಾಣ ಬೇಡವೆಂದು ಹೇಮಶ್ರೀ ಹಟ ಹಿಡಿದಳು. ಹಾಗಾಗಿ ಎಸ್ಟೇಟಿನ ಸ್ಟೋರಿನಿಂದ ಒಂದು ಗಬ್ಬದ ಬೆಕ್ಕು ಗೋಣಿಚೀಲದಲ್ಲಿ ಬಂತು. ಬೂದು ಬಣ್ಣ, ಒಂದು ಕಿವಿ ಹರಿದಿತ್ತು. ಕಣಜದ ಮನೆಯಲ್ಲೇ ಅನ್ನ, ಒಣಮೀನು ಹಾಕಿ ಅದನ್ನು ಪಳಗಿಸಿದಳು. ಎರಡೇ ವಾರಕ್ಕೆ ಮೂಟೆಗಳ ಹಿಂದೆ ಮೂರು ಮರಿ ಹಾಕಿತು.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುವುದು ಎಲ್ಲರೂ ಬಲ್ಲ ಮಾತು. ಈ ಬೆಕ್ಕು ಒಂದು ಮನೆಯನ್ನೂ ದಾಟಲಿಲ್ಲ. ದಿನಾ ಬೆಳಿಗ್ಗೆ ಒಂದು ಮರಿಯ ಕತ್ತು ಕಚ್ಚಿಕೊಂಡು ಹೊಸ್ತಿಲ ತನಕ ಬರುತ್ತಿತ್ತು. ಮುಂಗಾಲು ಎತ್ತುತ್ತಿತ್ತು. ಎತ್ತಿದ ಕಾಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಬೆನ್ನ ಮೇಲಿನ ರೋಮ ನಿಮಿರಿ, ಮರಿಯನ್ನು ಕೆಳಗಿಟ್ಟು, ಹೊಟ್ಟೆಯೊಳಗಿಂದ ಎಂಥದೋ ಒಂದು ಕೂಗು ಕೂಗಿ ವಾಪಸು ಹೋಗುತ್ತಿತ್ತು. ಬಾಯಲ್ಲಿ ಮರಿ ಇಲ್ಲದಾಗ ಮಾತ್ರ ಅದೇ ಹೊಸ್ತಿಲನ್ನು ಆರಾಮವಾಗಿ ದಾಟಿ ಗದ್ದೆ ಬದಿಗೆ ಹೋಗಿ ಬರುತ್ತಿತ್ತು.

"ಕಟ್ಟು ಅಂದ್ರೆ ಇದೇನಾ? ಒಳ್ಳೇದೇ ಆಯ್ತಲ್ಲ, ಬೆಕ್ಕು ಓಡಿಹೋಗಲ್ಲ" ಎಂದು ಹೇಮಶ್ರೀ ಖುಷಿಪಟ್ಟಳು. ಮೂಟೆಗಳಲ್ಲಿ ಹೊಸ ತೂತು ಬೀಳುವುದು ನಿಂತಿತ್ತು.

"ಆ ಚಂದ್ರಯ್ಯನೂ ಹಂಗೇ ಅಂದ ಕಣವ್ವ" ಎಂದಳು ಸರೋಜಮ್ಮ. "ಬೆಕ್ಕು ನಿಲ್ಲಲ್ಲ ಅಂತ ಘಟ್ಟದ ಕೆಳಗಿಂದ ಮಂತ್ರವಾದಿ ಕರೆಸ್ದ. ತಾಯಿ ಮರಿ ಎತ್ಕಂಡು ಈ ಹೊಸ್ಲು ದಾಟಬಾರ್ದು ಅಂತ ತಗಡು ಬರ್ಸಿ ಹೂಳಿಸ್ದ. ಯಾವ ತಾಯಿ ಅಂತ ಬರೆಸ್ಲಿಲ್ಲ ಮುಂಡೇದು. ಅವನ ಸೊಸೆ ಚೆಲುವಮ್ಮ ಕೂಸು ಎತ್ಕಂಡು ಒಳಕ್ಕೋದ್ಲು. ಆಚೆಗೆ ತರಕ್ಕೆ ಆಗ್ಲಿಲ್ಲ. ಬೇರೆಯವ್ರ ಕೈಗೆ ಕೊಡಲ್ಲ ಅಂದ್ಲು. ಕೂಸು ಅಲ್ಲೇ ಹೋಗ್ಬುಡ್ತು."

"ಉಸಿರು ಕಟ್ಟಿರುತ್ತೆ. ಕಿಟಕಿ ಇಲ್ಲದ ಮನೆ, ಭತ್ತದ ಧೂಳು" ಎಂದು ಹೇಮಶ್ರೀ ಪಾಠ ಹೇಳಿದಳು. ಹಾಗೆ ಹೇಳಿದವಳೇ ಸೀದಾ ಒಳಗೆ ಹೋಗಿ ಒಂದು ಬಿಳಿ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಹೊಸ್ತಿಲು ದಾಟಿ ಬಂದು ತೋರಿಸಿದಳು. ಏನೂ ಆಗಲಿಲ್ಲ. ತಿರುಗಿ ಒಳಗೆ ಬಿಟ್ಟಾಗ ತಾಯಿ ಬೆಕ್ಕು ಅದನ್ನು ಮೂಸಿತು, ಹಿಂದೆ ಸರಿಯಿತು, ಹಲ್ಲು ಕಿರಿದು ಬುಸ್ಸೆಂದಿತು. ಮತ್ತೆಂದೂ ಹಾಲು ಕೊಡಲಿಲ್ಲ. ಬಿಳಿ ಮರಿಯೂ ತಾಯಿಯತ್ತ ನೋಡದೆ ಹೇಮಶ್ರೀಯ ಸೀರೆ ಸೆರಗಿಗೇ ಜೋತುಬಿತ್ತು. ಮನುಷ್ಯರ ವಾಸನೆ ತಗುಲಿದರೆ ಹೀಗಾಗುತ್ತದೆ ಎಂದುಕೊಂಡು, ಬತ್ತಿಯಲ್ಲಿ ಹಾಲು ಅದ್ದಿ ತಾನೇ ಕುಡಿಸತೊಡಗಿದಳು.

ಮೇ ತಿಂಗಳ ಕೊನೆ. ಸಸಿಮಡಿಗೆ ಭತ್ತ ನೆನೆಹಾಕಬೇಕಿತ್ತು. ಯೋಗಾನಂದ ಬೆಳಿಗ್ಗೆಯೇ ಎಸ್ಟೇಟಿಗೆ ಹೋಗಿದ್ದ. ನಡುಹಗಲಿನ ಬಿಸಿಲಿನಲ್ಲಿ ಹೇಮಶ್ರೀ ಚೈತ್ರಳನ್ನು ಸೊಂಟಕ್ಕೇರಿಸಿ, ಮೊರ ಹಿಡಿದು ಕಣಜದ ಮನೆಯತ್ತ ನಡೆದಳು. ಬೇಲಿಯಾಚೆಯಿಂದ ಸರೋಜಮ್ಮ ಓಡಿಬಂದಳು. ಮಕ್ಕಳಿಲ್ಲದ ವಿಧವೆ, ಚೈತ್ರಳನ್ನು ಕಂಡರೆ ಅವಳಿಗೆ ಪ್ರಾಣ.

"ಕೂಸು ನನ್ ಕೈಗೆ ಕೊಟ್ಟು ಹೋಗವ್ವ. ನಿನ್ ಕಾಲು ಹಿಡ್ಕತೀನಿ."

ಹೀಗೆ ಬೇಡಿಕೊಳ್ಳದಿದ್ದರೆ ಹೇಮಶ್ರೀ ಬಹುಶಃ ಕೊಟ್ಟೇ ಹೋಗುತ್ತಿದ್ದಳು. "ಇಲ್ಲ ದೊಡ್ಡಮ್ಮ, ಇವತ್ತು ಊರಿನ ಭಯಾನೇ ಬಿಡಿಸ್ತೀನಿ. ನಿಂತ್ಕೊಂಡು ನೋಡಿ" ಎಂದವಳೇ ಮಗುವಿನೊಂದಿಗೆ ಒಳಗೆ ಕಾಲಿಟ್ಟಳು.

ಒಳಗೆ ಕತ್ತಲು, ಹಳೇ ಭತ್ತದ ಧೂಳು, ಇಲಿ ಉಚ್ಚೆಯ ಗಬ್ಬು. ಎಲ್ಲೋ ಕೆರೆಯುತ್ತಿದ್ದ ಇಲಿಯೊಂದು ತಟ್ಟನೆ ಸುಮ್ಮನಾಯಿತು. ಹೇಮಶ್ರೀ ಮೊರ ತುಂಬಾ ಭತ್ತ ತೆಗೆದಳು, ಜೊಳ್ಳು ಊದಿದಳು, ಬೇಕೆಂದೇ ನಿಧಾನ ಮಾಡಿದಳು. ಆಮೇಲೆ ಬಾಗಿಲಿನತ್ತ ತಿರುಗಿದಳು. ಹೊರಗೆ ಬಿಸಿಲು ಬೆಳ್ಳಗಿತ್ತು. ಸರೋಜಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಹೇಮಶ್ರೀ ಕಾಲು ಎತ್ತಿದಳು.

ಕಾಲು ಮುಂದಕ್ಕೆ ಹೋಗಲಿಲ್ಲ. ಕೈಯಿಂದ ಮೊರ ಜಾರಿತು. ಸೊಂಟದಲ್ಲಿದ್ದ ಚೈತ್ರಳ ಉಸಿರು ನಿಂತಿತು.

ಹಿಂದೆ ಸರಿದಳು. ಉಸಿರು ಬಂತು. ಮಗು ಕಿರುಚಿತು. ಇದು ಗಾಳಿಯ ಕೊರತೆ, ಅಷ್ಟೇ. ಹಲ್ಲು ಕಚ್ಚಿ ಮತ್ತೆ ನುಗ್ಗಿದಳು. ಮತ್ತೆ ನಿಂತಿತು. ಮಗುವಿನ ತುಟಿ ನೀಲಿಯಾಯಿತು. ಬೆನ್ನು ತಿರುಗಿಸಿ ಹಿಮ್ಮುಖವಾಗಿ ಹೋದಳು. ಆಗಲಿಲ್ಲ. ಮಗುವನ್ನು ನೆಲದ ಮೇಲೆ ಮಲಗಿಸಿ ತಾನೊಬ್ಬಳೇ ಹೆಜ್ಜೆಯಿಟ್ಟಳು. ಸಲೀಸಾಗಿ ದಾಟಿದಳು. ಹೊರಗೆ ನಿಂತು, ಒಳಕ್ಕೆ ಕೈಚಾಚಿ ಎಳೆದಳು. ಮಗುವಿನ ಕಣ್ಣು ಮೇಲಾಯಿತು. ಬಿಟ್ಟಳು. ಪ್ರತಿ ಸಲವೂ ತಿರುಗಿ ಬರುವ ಉಸಿರು ಇನ್ನಷ್ಟು ಸಣ್ಣದಾಗುತ್ತಿತ್ತು.

"ಕಲ್ಲೇ ಕಿತ್ತುಹಾಕ್ತೀನಿ!" ಗೋಡೆಗೊರಗಿಸಿದ್ದ ಹಾರೆ ಹಿಡಿದಳು. ಹೊಸ್ತಿಲಿಗೆ ಒಂದು ಏಟು ಹಾಕಿದಳು. ಕಲ್ಲಿನಿಂದ ಸದ್ದು ಬರಲಿಲ್ಲ. ಒಳಗೆ ಚೈತ್ರ ಬಿಲ್ಲಿನಂತೆ ಬಾಗಿ ಚೀರಿದಳು. ಎದೆಯ ಮೇಲೆ ಕೆಂಪು ಬಾಸುಂಡೆ ಎದ್ದಿತು. ಹಾರೆ ಕೈಯಿಂದ ಬಿತ್ತು.

ಅಷ್ಟರಲ್ಲಿ ಮೂಟೆಗಳ ಹಿಂದಿನಿಂದ ಬೂದು ಬೆಕ್ಕು ಬಂತು. ಮಗುವಿನ ತಲೆ ಮೂಸಿತು. ನೆತ್ತಿ ನೆಕ್ಕಿತು. ಚೈತ್ರಳ ಅಳು ನಿಂತಿತು. ಮಗು ಮುಖ ಹೊರಳಿಸಿ ಬೆಕ್ಕಿನ ಹೊಟ್ಟೆಯತ್ತ ಬಾಯಿ ತೆರೆಯಿತು. ಬೆಕ್ಕು ಅವಳ ಅಂಗಿಯ ಕೊರಳಪಟ್ಟಿಯನ್ನು ಹಲ್ಲಿನಲ್ಲಿ ಹಿಡಿದು ಬಾಗಿಲಿನ ಕಡೆ ಒಂದು ಗೇಣು ಎಳೆಯಿತು. ಈ ಸಲ ಉಸಿರು ನಿಲ್ಲಲಿಲ್ಲ.

ಬೆಕ್ಕೇ ಹೊಸ್ತಿಲು ದಾಟಿಸಿದರೆ ಮಗು ಬೆಕ್ಕಿನ ಪಾಲಾಗುತ್ತದೆ ಎಂದು ಹೇಮಶ್ರೀಗೆ ಹೊಳೆಯಿತು. ಹೆದರಿದಳು. ಹುಟ್ಟಿದಂದಿನಿಂದ ಅಷ್ಟು ಹೆದರಿರಲಿಲ್ಲ. "ದೊಡ್ಡಮ್ಮ! ಒಳಗೆ ಹೋಗಿ! ನೀವು ತನ್ನಿ!"

"ತರ್ತೀನಿ ಕಣವ್ವ. ಆದ್ರೆ ಆ ಬಿಳಿ ಮರಿ ಗತಿ ನೋಡಿದ್ಯಲ್ಲ?"

"ನೋಡಿದೀನಿ. ನಾನು ಬೆಕ್ಕಲ್ಲ. ತನ್ನಿ!"

ಸರೋಜಮ್ಮ ನುಗ್ಗಿದಳು. ಬೆಕ್ಕು ಉಗುರು ಚಾಚಿತು, ಅವಳ ಮೊಣಕೈಯಲ್ಲಿ ರಕ್ತ ಬಂತು. ಮಗುವನ್ನು ಬಾಚಿ ತಬ್ಬಿಕೊಂಡಳು. ಒಂದು ಹೆಜ್ಜೆ. ಇನ್ನೊಂದು. ಹೊಸ್ತಿಲು. ದಾಟಿದಳು. ಬಿಸಿಲಿಗೆ ಬಂದ ಚೈತ್ರ ದೊಡ್ಡದಾಗಿ ಉಸಿರೆಳೆದುಕೊಂಡಳು, ಕೆನ್ನೆಗೆ ಕೆಂಪು ಬಂತು.

ಹೇಮಶ್ರೀ ಎರಡೂ ಕೈ ಚಾಚಿ ಓಡಿಹೋದವಳು ಅರ್ಧದಲ್ಲೇ ನಿಂತಳು.

ಸರೋಜಮ್ಮನ ತೋಳಿನಲ್ಲಿ ಒಂದು ಮಗು ಇತ್ತು. ಗುಂಡು ಮುಖ, ಕಾಡಿಗೆಯ ದೃಷ್ಟಿಬೊಟ್ಟು. ಬೆಳಿಗ್ಗೆ ಆ ಬೊಟ್ಟು ಇಟ್ಟದ್ದು ತಾನೇ ಎಂದು ಗೊತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ಹದಿನಾಲ್ಕು ಗಂಟೆ ನೋವು ತಿಂದು ಹೆತ್ತದ್ದೂ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಮಗುವನ್ನು ನೋಡಿದ ಹಾಗೆ ನೋಡಿದಳು. ಬಗ್ಗಿ ನೆತ್ತಿ ಮೂಸಿದಳು. ಸರೋಜಮ್ಮನ ಹೊಗೆಸೊಪ್ಪಿನ ವಾಸನೆ ಬಂತು. ತನ್ನದೆನ್ನುವ ವಾಸನೆ ಯಾವುದೂ ಇರಲಿಲ್ಲ. ಚೈತ್ರ ಅವಳನ್ನು ಕಂಡು ಮುಖ ಕಿವುಚಿ, ಮುದುಕಿಯ ಕುತ್ತಿಗೆ ಬಿಗಿಯಾಗಿ ಹಿಡಿದಳು.

ಸರೋಜಮ್ಮನ ಕಣ್ಣಲ್ಲಿ ಧಾರಾಕಾರ ನೀರು. "ನಂಗೇನಾಗೋಯ್ತೋ ಗೊತ್ತಿಲ್ಲ ಕಣವ್ವ... ಇದು ನನ್ ಕೂಸು ಅನ್ನಿಸ್ತಾ ಐತೆ. ಕೊಡಕ್ಕೆ ಮನ್ಸು ಬರ್ತಿಲ್ಲ. ನೀನು ಬೇಡ ಅಂದ್ರೆ... ನಾನು ಸಾಕ್ಕತೀನಿ."

ಆ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೊಟ್ಟುಬಿಟ್ಟರೆ ಏನು ತಪ್ಪು ಎಂದು ಮನಸ್ಸು ತಣ್ಣಗೆ ಕೇಳಿತು. ಎಷ್ಟು ತಣ್ಣಗೆ ಕೇಳಿತೆಂದರೆ ಹೇಮಶ್ರೀಗೆ ಹೇಸಿಗೆಯಾಯಿತು. ಮಗುವಿನ ಮೇಲಲ್ಲ, ಆ ಮನಸ್ಸಿನ ಮೇಲೆ, ಅದನ್ನು ಹಾಗೆ ಮಾಡಿದ ಕಲ್ಲಿನ ಮೇಲೆ. ಕಂಡವರ ತಗಡು ತನಗೆ ಹೇಳಬೇಕೆ, ಯಾರನ್ನು ಎತ್ತಿಕೊಳ್ಳಬೇಕು ಎಂದು?

"ಕೊಡಿ ಇಲ್ಲಿ."

"ಹೇಮಾ..."

"ಕೊಡಿ ಅಂದೆ."

ಸರೋಜಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಗುವನ್ನು ಕಿತ್ತುಕೊಂಡಳು. ಚೈತ್ರ ಬೆನ್ನು ಸೆಟೆದು, ಊರು ಕೇಳುವಂತೆ ಅತ್ತಳು. ಹೇಮಶ್ರೀ ಅಂಗಳದ ಮಣ್ಣಿನ ಮೇಲೇ ಕುಳಿತು ರವಿಕೆ ಬಿಚ್ಚಿ ಎದೆಗೆ ಒತ್ತಿಕೊಂಡಳು. ಮಗು ಮುಖ ತಿರುವಿತು. ಮತ್ತೆ ಒತ್ತಿಕೊಂಡಳು. ಒದೆಯಿತು. ಮತ್ತೆ. ಸೂರ್ಯ ಕಾಫಿ ಗಿಡಗಳ ಕಡೆ ವಾಲುವವರೆಗೂ ಹೀಗೇ ನಡೆಯಿತು. ಕಡೆಗೆ ಹಸಿವು ತಡೆಯಲಾರದೆ ಮಗು ಬಾಯಿ ಹಾಕಿತು. ಹಾಲು ಇಳಿಯಿತು.

"ಏನಾರ ಅನ್ನಿಸ್ತೈತಾ?" ಎಂದು ಸರೋಜಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ. ಯಾರ ಮಗೂನೋ ಅನ್ನಿಸ್ತಿದೆ" ಎಂದಳು ಹೇಮಶ್ರೀ. "ನಾಳೆ ಇವಳಿಗೆ ಎಣ್ಣೆ ಹಚ್ಚಿ ನೀರು ಹಾಕೋ ದಿನ. ಬೇಗ ಬನ್ನಿ, ಹಂಡೆ ಕಾಯಿಸ್ಬೇಕು."

ಚೈತ್ರಳನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.